ಅತ್ತಿಗೆ ಬಿಡಿಸಿದ ಗಾಳಿ

ಅತ್ತಿಗೆಗೆ ಗಾಳಿ ಸೋಕಿತ್ತು, ತಾಯಿತ ಕಟ್ಟಿದ ಮೇಲೆ ಬಿಟ್ಟಿತು ಎಂದು ಬೇತಮಂಗಲದಲ್ಲಿ ಹೇಳುತ್ತಾರೆ. ಯಾರು ಕಂಡವರು? ತಾಯಿತ ಕಟ್ಟಲೇ ಇಲ್ಲ, ನಾನು ಅಲ್ಲೇ ಇದ್ದೆ.

ಮಂತ್ರವಾದಿ ಬಂದು ಜಗಲಿಯಲ್ಲಿ ಕೂತಿದ್ದ. ತಾಯಿತ ಬೇಡವೆಂದರೆ ಸೊಸೆ ತವರಿಗೆ ಹೋಗಲಿ ಎಂದು ಅಮ್ಮನ ಹಟ. ತಿಂಗಳಿಗೊಮ್ಮೆ ಸಿಡುಕುತ್ತಾಳೆ, ಆಗ ಹಸುವೂ ಅವಳಿಗೆ ಹಾಲಿಳಿಸುವುದಿಲ್ಲ. ಗಾಳಿಗೆ ಇನ್ನೇನು ಸಾಕ್ಷಿ ಬೇಕು?

ಅತ್ತಿಗೆ ಕೊಟ್ಟಿಗೆಯಿಂದ ಖಾಲಿ ಚೊಂಬು ಹಿಡಿದೇ ಬಂದರು. “ಗಾಳಿ ಅಲ್ಲತ್ತೆ. ಮುಟ್ಟಾಗೋಕೆ ಮುಂಚೆ ನಂಗೆ ಇಂಗಾಯ್ತದೆ. ಕೈ ಬಿಗಿಯಾದ್ರೆ ಅಸ ಎಂಗೆ ಸೊರ ಬಿಟ್ಟು ಆಲಿಳಿಸ್ತದೆ? ಆವಾಗ ನಿಮ್ಮಗ ಆಲು ಕರೀಲಿ, ನನ್ನ ಸುಮ್ಕೆ ಬಿಡಿ.”

ಅಣ್ಣ ಚೊಂಬು ಇಸಿದುಕೊಂಡು ಕೊಟ್ಟಿಗೆಗೆ ನಡೆದ. ಮಂತ್ರವಾದಿ ಕಾಫಿ ಕುಡಿದು ಬಸ್ಸು ಹಿಡಿದ.

ಗಂಡಸರ ಎದುರು ಆ ಮಾತನ್ನು ಬಾಯಿಬಿಟ್ಟು ಹೇಳಿದವರು ನಮ್ಮತ್ತಿಗೆ ಎಂಬ ಹೆಮ್ಮೆ ನನಗಿನ್ನೂ ಇಳಿದಿಲ್ಲ. ಅಂದೇ ಅಮ್ಮನನ್ನು ಕೇಳಿದೆ: “ಅಣ್ಣ ವರ್ಷ ಪೂರ್ತಿ ರೇಗ್ತಾನಲ್ಲಮ್ಮ, ಅವನಿಗ್ಯಾವ ಗಾಳಿ?”