ಪರೇಲಿನ ದಾರಿಯ ಪೆಟ್ರೋಲು

ಪೆಟ್ರೋಲ್ ಪಂಪಿನವನು ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ನನ್ನನ್ನೂ ಕೇಳುತ್ತಾನೆ. "ಸಾದಾ ಯಾ ಪ್ರೀಮಿಯಂ?" ಅವನ ಕೈ ಆಗಲೇ ಪೈಪಿನ ಮೇಲಿರುತ್ತದೆ, ಕಣ್ಣು ನನ್ನ ಹಿಂದಿನ ಗಾಡಿಯ ಮೇಲೆ. ನಾನು ಮಾತ್ರ ಉತ್ತರ ಕೊಡಲು ತಡಮಾಡುತ್ತೇನೆ. ಹಿಂದಿನವರು ಹಾರ್ನ್ ಬಾರಿಸುತ್ತಾರೆ. ಬಾರಿಸಲಿ. ಈ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ನಾನು ಒಂದು ಮಳೆಗಾಲ ಕಳೆದವನು.

ನಾನು ಬಾಗಲಕೋಟೆ ಕಡೆಯವನು. ಮುಂಬೈಯ ಜೋಗೇಶ್ವರಿಯಲ್ಲಿ ಕಬ್ಬಿಣ ಕಡೆಯುವ ಸಣ್ಣದೊಂದು ಲೇಥ್ ಶೆಡ್ ಇಟ್ಟುಕೊಂಡಿದ್ದೇನೆ. ಕಬ್ಬಿಣ ತಿರುಗುತ್ತಿರುವಾಗ ಟೂಲ್ ಮೊಂಡಾಯಿತೋ ಇಲ್ಲವೋ ಎಂದು ನೋಡಬೇಕಾಗಿಲ್ಲ, ಸದ್ದೇ ಹೇಳುತ್ತದೆ. ನನ್ನ ಕಿವಿಯ ಬಗ್ಗೆ ನನಗೆ ಗರ್ವವಿತ್ತು. ಇನ್ನು ಸಿಟ್ಟು, ಅದು ಮೂಗಿನ ತುದಿಯಲ್ಲೇ. ನನ್ನ ಹೆಂಡತಿ ಹೇಳುತ್ತಿದ್ದಳು: "ನಿಮಗ ಕಿವಿ ಕೊಟ್ಟ ದೇವ್ರು ನಾಲಿಗಿಗೆ ಲಗಾಮು ಕೊಡೂದು ಮರ್ತಾನ ನೋಡ್ರಿ."

ಶೆಡ್ ಸ್ವಲ್ಪ ಕೈಹಿಡಿದ ಮೇಲೆ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ. ಪೆಟ್ರೋಲ್ ಗಾಡಿ, ಟರ್ಬೋ. ಮನೆಗೆ ತಂದ ದಿನ ಬಿಲ್ಡಿಂಗಿನ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡುತ್ತ ಅವಳು ಕೇಳಿದಳು, "ಟರ್ಬೋ ಅಂದ್ರ ಏನ್ರೀ?" ಇಂಜಿನ್ನಿನೊಳಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಯಂತ್ರ, ಒಲೆಗೆ ಊದುಗೊಳವೆಯಿಂದ ಊದಿದ ಹಾಗೆ ಎಂದೆ. "ಹಂಗಾರ ನಾ ಊರಾಗ ದಿನಾ ಟರ್ಬೋನ ಊದೀನಿ, ಯಾರೂ ನನಗ ನಿಂಬಿಹಣ್ಣ ಇಡಲಿಲ್ಲ," ಎಂದು ನಕ್ಕಳು. ಆಗ ಅವಳ ಬೆನ್ನು ನೆಟ್ಟಗಿತ್ತು.

ಬೆನ್ನುನೋವನ್ನು ನಾವು ಮೊದಲು ವಯಸ್ಸಿನ ನೋವೆಂದುಕೊಂಡೆವು. ಎಣ್ಣೆ ಹಚ್ಚಿದೆವು, ಬಿಸಿನೀರಿನ ಚೀಲ ಇಟ್ಟೆವು. ಕೊನೆಗೆ ಪರೇಲಿನ ಆಸ್ಪತ್ರೆಯಲ್ಲಿ ಗೊತ್ತಾದಾಗ ಗಡ್ಡೆ ಎಲ್ಲಿಯೋ ಹುಟ್ಟಿ ಬೆನ್ನುಮೂಳೆಯವರೆಗೆ ಬಂದು ಕೂತಿತ್ತು. ರೇಡಿಯೇಷನ್ ಕೊಡೋಣ ಎಂದರು ಡಾಕ್ಟರು. ನಮ್ಮ ಕಡೆಯವರ ಬಾಯಲ್ಲಿ ಅದು ಕರೆಂಟ್ ಕೊಡಿಸುವುದು. ಅದರಿಂದ ರೋಗ ಹೋಗುವುದಿಲ್ಲ, ನೋವು ಇಳಿಯಬಹುದು, ಇದ್ದಷ್ಟು ದಿನ ಹಾಯಾಗಿರಲಿ ಎಂದು ಬಿಡಿಸಿ ಹೇಳಿದರು. ನಾನು ಡಾಕ್ಟರ ಮೇಲೂ ರೇಗಿದೆ. ಇವಳು ನನ್ನ ಅಂಗಿಯ ತೋಳು ಹಿಡಿದು ಎಳೆದಳು.

ಲೋಕಲ್ ರೈಲಿನಲ್ಲಿ ಅವಳನ್ನು ಕರೆದೊಯ್ಯುವ ಮಾತೇ ಇರಲಿಲ್ಲ. ಕೆಲವು ವಾರ, ಭಾನುವಾರ ಬಿಟ್ಟು ದಿನಾಲೂ, ಜೋಗೇಶ್ವರಿಯಿಂದ ಪರೇಲಿಗೆ ಕಾರಿನಲ್ಲೇ ಹೋಗಬೇಕು. ಮಳೆಗಾಲ, ಮುಂಬೈ ರಸ್ತೆ. ನೋವು ಇಳಿಸಲು ಹೋಗುವ ದಾರಿಯೇ ಅವಳಿಗೆ ದೊಡ್ಡ ನೋವು. ಒಂದೊಂದು ಗುಂಡಿಗೂ ಅವಳ ಮುಖ ಹಿಂಡಿಕೊಳ್ಳುತ್ತಿತ್ತು. ಬೆನ್ನಿಗೆ ದಿಂಬು ಕೊಟ್ಟು, ಸೀಟು ಹಿಂದಕ್ಕೆ ಬಾಗಿಸಿ ಕೂಡಿಸುತ್ತಿದ್ದೆ. ಅವಳ ರೋಗಕ್ಕೆ ನನ್ನಿಂದ ಮಾಡಲಾಗುವುದು ಏನೂ ಇರಲಿಲ್ಲ. ಆ ದಾರಿಯೊಂದೇ ನನ್ನ ಕೈಯಲ್ಲಿದ್ದದ್ದು.

ಮೊದಲ ದಿನವೇ ಹೈವೇಯ ಫ್ಲೈಓವರ್ ಏರುವಾಗ ಇಂಜಿನ್ನಿನಿಂದ ಸದ್ದು ಬಂತು. ಡಬ್ಬಿಯೊಳಗೆ ಹರಳು ಹಾಕಿ ಅಲ್ಲಾಡಿಸಿದಂಥ ಸಣ್ಣ ಸದ್ದು. ಅದೇ ಹೊತ್ತಿಗೆ ಗಾಡಿ ಜಗ್ಗಿತು, ಅವಳು "ಅಯ್ಯವ್ವಾ" ಎಂದು ಹಲ್ಲು ಕಚ್ಚಿದಳು. ನನ್ನ ಕಿವಿಯಲ್ಲಿ ಆ ಎರಡೂ ಒಂದಕ್ಕೊಂದು ಅಂಟಿಕೊಂಡುಬಿಟ್ಟವು. ಟರ್ಬೋ ಗಾಡಿಗೆ ಸಾದಾ ಪೆಟ್ರೋಲ್ ಸಾಲುವುದಿಲ್ಲ, ಅದಕ್ಕೇ ಜಗ್ಗುತ್ತದೆ, ಅದಕ್ಕೇ ಇವಳಿಗೆ ನೋವು ಎಂದು ತೀರ್ಮಾನ ಮಾಡಿದೆ.

ನಮ್ಮ ಓಣಿಯ ಗ್ಯಾರೇಜಿನವನನ್ನು ಕೇಳಿದೆ. ಅವನು ಪೆಟ್ರೋಲ್ ತುಂಬುವ ಬಾಯಿಯ ಮುಚ್ಚಳ ತೆಗೆದು, ಸಾದಾ ಸಾಕೆಂದು ಕಂಪನಿ ಒಳಗೆ ಅಂಟಿಸಿದ ಚೀಟಿ ತೋರಿಸಿದ. "ದೇಖೋ ಸೇಠ್, ಕಂಪನೀ ಖುದ್ ಬೋಲ್ತೀ ಹೈ, ಸಾದಾ ಚಲೇಗಾ." ಟರ್ಬೋ ಗಾಳಿಯನ್ನು ಒತ್ತುವುದು ನಿಜ, ಬಿಸಿಯಲ್ಲಿ ಪೆಟ್ರೋಲ್ ಹೊತ್ತಿಗೆ ಮುಂಚೆ ಹತ್ತಿಕೊಂಡರೆ ಆ ಸದ್ದು ಬರುವುದೂ ನಿಜ. ಪ್ರೀಮಿಯಂ ಹಾಗೆ ಬೇಗ ಹತ್ತುವುದಿಲ್ಲ. ಆದರೆ ಈ ಇಂಜಿನ್ ಮಾಡಿದ್ದೇ ಸಾದಾಕ್ಕೆ, ಸ್ವಲ್ಪ ಹೆಚ್ಚುಕಡಿಮೆಯಾದರೆ ಒಳಗಿನ ಕಂಪ್ಯೂಟರ್ ಸಂಭಾಳಿಸಿಕೊಳ್ಳುತ್ತದೆ, ನೀವು ಗೇರ್ ಇಳಿಸಿ ಏರಿ ಎಂದ. ಗೇರಿನ ಮಾತು ನನ್ನ ಕಿವಿಗೆ ಹೋಗಲೇ ಇಲ್ಲ. ಮಗಳು ಮೊಬೈಲಿನಲ್ಲಿ ಓದಿ, "ಪಪ್ಪಾ, ಆಧಾ ಲೋಗ್ ಬೇಕು ಅಂತಾರೆ, ಆಧಾ ಲೋಗ್ ಬೇಡ ಅಂತಾರೆ," ಎಂದಳು. ಹಾಳಾಗಿ ಹೋಗಲಿ ಎಲ್ಲರೂ ಎಂದುಕೊಂಡು, ತುಟ್ಟಿಯಾದರೂ ಪ್ರೀಮಿಯಂ ಹಾಕಿಸಿದೆ.

ಮರುದಿನ ಮಾಹಿಮ್ ದಾಟುವಾಗ ಕೇಳಿದೆ, "ಹೆಂಗೈತಿ ಇವತ್ತ?"

"ಛಲೋ ಓಡಾಕತ್ತೈತಿ ನೋಡ್ರಿ ಗಾಡಿ. ಬೆನ್ನಿಗೆ ಗೊತ್ತಾಗವಲ್ದು."

ನನಗಾದ ಸಂತೋಷವನ್ನು ಹೇಗೆ ಹೇಳಲಿ! ಜಗತ್ತಿನ ಡಾಕ್ಟರುಗಳಿಗೆಲ್ಲ ಸಿಗದ ಔಷಧ ನನಗೆ ಸಿಕ್ಕಿತೆಂಬಂತೆ ಸ್ಟಿಯರಿಂಗ್ ಹಿಡಿದು ಕೂತಿದ್ದೆ. ಅಂದಿನಿಂದ ಪ್ರೀಮಿಯಂ ಬಿಟ್ಟು ಬೇರೆ ಹಾಕಿಸಲಿಲ್ಲ. ತುಂಬಿಸಿಕೊಂಡು ಬಂದು ಅವಳಿಗೆ ಹೇಳುವುದು, ಅವಳು ದಾರಿಯಲ್ಲಿ "ಛಲೋ ಐತಿ" ಅನ್ನುವುದು, ಇದೇ ನಮ್ಮ ನಿತ್ಯದ ಮಾತಾಯಿತು. ರೋಗದ ಮಾತು ಇಬ್ಬರೂ ಆಡುತ್ತಿರಲಿಲ್ಲ. ಪೆಟ್ರೋಲಿನ ಮಾತು ಎಷ್ಟು ಬೇಕಾದರೂ ಆಡಬಹುದಿತ್ತು.

ಅವಳಿಗೂ ಇಂಥದೊಂದು ಹಟವಿತ್ತು, ಜೋಳದ್ದು. ರೊಟ್ಟಿಗೆ ಊರಿನ ಬಿಳಿಜೋಳವೇ ಆಗಬೇಕು. ಇಲ್ಲಿನ ಕಿರಾಣಿ ಅಂಗಡಿಯ ಹಿಟ್ಟು ಜಿಗಿ ಇಲ್ಲದ್ದು, ತಟ್ಟಿದರೆ ಅಂಚು ಒಡೆಯುತ್ತದೆ ಎಂಬುದು ಅವಳ ದೂರು. ಊರಿಂದ ಬರುವ ಬಸ್ಸಿನಲ್ಲಿ ಚೀಲ ತರಿಸುತ್ತಿದ್ದಳು. ನಾನು ತಟ್ಟೆಯ ಮುಂದೆ ಕೂತು ಮೊದಲ ತುತ್ತಿಗೇ ಹೇಳುತ್ತಿದ್ದೆ, "ಊರ ಜ್ವಾಳದ ರುಚೀನ ಬ್ಯಾರೆ ಬಿಡು." ಅವಳು ಆ ಮಾತು ಕೇಳಿಯೇ ಮುಂದಿನ ರೊಟ್ಟಿ ಹೆಂಚಿಗೆ ಹಾಕುವವಳು.

ಒಂದು ಬೆಳಿಗ್ಗೆ ಪಂಪಿನಲ್ಲಿ ಪ್ರೀಮಿಯಂ ಮುಗಿದಿತ್ತು. ಟ್ಯಾಂಕು ತಳ ಕಂಡಿತ್ತು, ಆಸ್ಪತ್ರೆಯ ಹೊತ್ತು ಮೀರುತ್ತಿತ್ತು. ಪಂಪಿನವನನ್ನು ಬೈದೆ, ಅವನ ಮಾಲೀಕನನ್ನು ಬೈದೆ, ಬೈದು ಸಾದಾ ಹಾಕಿಸಿದೆ. ಮನೆಗೆ ಬಂದು ಅವಳನ್ನು ಕೂಡಿಸಿಕೊಂಡಾಗ ಏನೂ ಹೇಳಲಿಲ್ಲ. ಹೇಳಿದರೆ ಅಲ್ಲಿಯೇ ನೋವು ಶುರುವಾದೀತೆಂದು ಹೆದರಿಕೆ. ದಾರಿಯುದ್ದಕ್ಕೂ ತುಂಬಿದ ಕೊಡ ಹೊತ್ತವರ ಹಾಗೆ ಗಾಡಿ ಓಡಿಸಿದೆ. ಫ್ಲೈಓವರ್ ಬಂದಾಗ ಗೇರ್ ಇಳಿಸಿ ಮೆಲ್ಲಗೆ ಏರಿಸಿದೆ. ಒಬ್ಬ ರಿಕ್ಷಾದವನು ಅಡ್ಡ ಬಂದ. ಅವನಿಗೂ ದಾರಿ ಬಿಟ್ಟೆ.

ಪರೇಲಿನಲ್ಲಿ ಆಸ್ಪತ್ರೆಯ ಗೇಟಿನ ಹೊರಗೆ ಗಾಡಿಗಳ ಸಾಲು. ಅಲ್ಲಿ ನಿಂತಾಗ ಅವಳು ಕಣ್ಣು ತೆರೆದು ಹೇಳಿದಳು, "ಇವತ್ತಿನಷ್ಟು ಛಲೋ ಯಾವತ್ತೂ ಓಡಿದ್ದಿಲ್ಲ ಗಾಡಿ. ಭಾಳ ತುಟ್ಟಿದ್ದು ಹಾಕ್ಸಿರೇನು?"

ನನ್ನ ತಲೆ ಕೆಟ್ಟಿತು. "ಸಾದಾ ಹಾಕ್ಸೀನಿ! ಸಾದಾ! ಇಷ್ಟು ದಿನ ನನ್ನ ಮುಂದ ಸುಳ್ಳು ಹೇಳ್ಕೊಂತ ಬಂದೀಯೇನು? ನೋವು ಆಗಾಕತ್ತಿತ್ತು, ನೀ ಬಾಯಿ ಮುಚ್ಕೊಂಡು ಕುಂತಿದ್ದಿ, ಹೌದಿಲ್ಲೋ?" ಪಕ್ಕದ ಟ್ಯಾಕ್ಸಿಯವನು ತಿರುಗಿ ನೋಡುವಷ್ಟು ಜೋರಾಗಿ ಕೂಗಿದೆ. ಸಿಟ್ಟಿಗಿಂತ ಅದು ಭಯ. ಅಷ್ಟು ದಿನ ಅವಳು ನನ್ನ ಪಕ್ಕದಲ್ಲೇ ಕೂತು ನೋವು ನುಂಗಿದಳೇ ಎಂಬ ಭಯ.

ಅವಳು ಅಳಲಿಲ್ಲ. ಮೊದಲು ನಕ್ಕಳು, ನಕ್ಕದ್ದಕ್ಕೆ ಬೆನ್ನು ಹಿಡಿದುಕೊಂಡಳು.

"ಸುಳ್ಳಲ್ರೀ. ನನಗೇನ್ ಗೊತ್ತಾಗ್ತೈತಿ ಪೆಟ್ರೋಲ್ ಯಾವ್ದಂತ? ನಾ ಏನ್ ಮೂಸಿ ನೋಡೀನೇನು? ತುಟ್ಟಿದ್ದು ಹಾಕ್ಸಿದಾಗಿಂದ ನೀವು ಸಮಾಧಾನದಾಗ ಇದ್ರಿ. ರಿಕ್ಷಾದವ್ರ ಜೋಡಿ ಜಗಳಿಲ್ಲ. ತಗ್ಗು ನೋಡಿ ಇಳಸ್ತಿದ್ರಿ, ಬ್ರೇಕ್ ಸಾವಕಾಶ ಒತ್ತತಿದ್ರಿ. ನನ್ನ ಬೆನ್ನಿಗೆ ಅಷ್ಟ ಬೇಕಾಗಿತ್ತು. ಇವತ್ತ ಅಂಜಿಕೊಂಡು ಓಡ್ಸೀರಿ, ಅದಕ್ಕ ಇನ್ನೂ ಛಲೋ ಆತು."

"ಮತ್ತ ಮೊದಲ ಯಾಕ ಹೇಳ್ಲಿಲ್ಲ?"

"ಏನ್ ಹೇಳ್ಲಿ? ಕುಣಿಲಾರದಾಕಿ ನೆಲ ಡೊಂಕಂದ್ಲಂತ. ನೀವು ಪೆಟ್ರೋಲ್ ಡೊಂಕಂದ್ರಿ." ಸ್ವಲ್ಪ ಉಸಿರು ತೆಗೆದುಕೊಂಡಳು. "ನನ್ನ ಸಲುವಾಗಿ ಏನರ ಒಂದು ಮಾಡಾಕತ್ತೀನಿ ಅಂತ ನಿಮಗ ಸಮಾಧಾನ ಇತ್ತಲ್ಲ. ಅದನ್ನ ಯಾಕ ಕಸ್ಗೊಳ್ಳಿ? ನೀವು ಜ್ವಾಳದ್ದು ಹೇಳ್ತಿದ್ದಿಲ್ಲೇನು? ಊರ ಚೀಲ ಖಾಲಿ ಆಗಿ ಎಷ್ಟೋ ತಿಂಗಳಾಗಿತ್ತು. ಅಂಗಡಿ ಹಿಟ್ಟಿನ ರೊಟ್ಟಿ ಹಾಕಿದ್ರೂ ರುಚೀನ ಬ್ಯಾರೆ ಅಂತಿದ್ರಿ. ನಾ ಬೈದ್ನೇನು? ಆ ಮಾತು ಕೇಳಿದ್ರ ನನಗ ಕೈ ನೋವ ಹೋಗ್ತಿತ್ತು."

ನಾನು ಸ್ಟಿಯರಿಂಗಿನ ಮೇಲೆ ತಲೆಯಿಟ್ಟೆ. ಎಷ್ಟು ವರ್ಷದ ಸಂಸಾರ! ಲೇಥಿನ ಮೇಲೆ ಕೂದಲೆಳೆಯಷ್ಟು ವ್ಯತ್ಯಾಸ ಕೇಳಿಸುವ ಈ ಕಿವಿಗೆ ಪಕ್ಕದಲ್ಲಿ ಕೂತವಳು ನನ್ನ ಬೈಗುಳಕ್ಕೆ ಬೆನ್ನು ಬಿಗಿಹಿಡಿಯುವುದು ಕೇಳಿಸಿರಲಿಲ್ಲ. ನಾನು ಅತ್ತುಬಿಟ್ಟೆ. ಅವಳು ನನ್ನ ಬೆನ್ನ ಮೇಲೆ ಕೈಯಿಟ್ಟಳು. "ಸಾಲು ಮುಂದ ಹೋತ್ರಿ, ಗಾಡಿ ಬಿಡ್ರಿ," ಎಂದಳು.

ಆಮೇಲೆ ಉಳಿದ ದಿನಗಳೆಲ್ಲ ಸಾದಾನೇ ಹಾಕಿಸಿದೆ. ಮೆಲ್ಲಗೆ ಓಡಿಸಿದೆ. ಅವಳು ದಾರಿಯಲ್ಲಿ ನಿದ್ದೆ ಮಾಡುವುದನ್ನೂ ಕಲಿತಳು. ಬಾಂದ್ರಾ ಬರುವಷ್ಟರಲ್ಲಿ ಕತ್ತು ನನ್ನ ಕಡೆ ವಾಲಿರುತ್ತಿತ್ತು. ಕರೆಂಟ್ ಮುಗಿದ ಮೇಲೆ ನೋವು ನಿಜವಾಗಿಯೂ ಇಳಿಯಿತು, ಡಾಕ್ಟರು ಹೇಳಿದ್ದು ಸುಳ್ಳಾಗಲಿಲ್ಲ. ಅವರು ಹೇಳಿದ ಇನ್ನೊಂದು ಮಾತೂ ಸುಳ್ಳಾಗಲಿಲ್ಲ. ದೀಪಾವಳಿಗೆ ಮೊದಲೇ ಹೋದಳು. ಮನೆಯಲ್ಲೇ, ನನ್ನ ಮತ್ತು ಮಗಳ ಎದುರಿಗೇ.

ಕಾರು ಮಾರಿಬಿಡಿ ಎಂದವರಿದ್ದಾರೆ. ಮಾರಿಲ್ಲ. ಈಗ ಅದು ನನ್ನನ್ನೂ ಒಂದಷ್ಟು ಕಬ್ಬಿಣದ ಸಾಮಾನನ್ನೂ ಹೊತ್ತು ತಿರುಗುತ್ತದೆ. ಮೊನ್ನೆಯೂ ಪಂಪಿನವನು ಕೇಳಿದ, ನಾನು ತಡಮಾಡಿದೆ, ಹಿಂದಿನವನು ಹಾರ್ನ್ ಬಾರಿಸಿದ. "ಸಾದಾ," ಎಂದೆ.

ಹೈವೇಗೆ ಬಂದ ಕೂಡಲೇ ಒಬ್ಬ ರಿಕ್ಷಾದವನು ಕೈಯೂ ತೋರಿಸದೆ ನುಗ್ಗಿದ. ಬೈಗುಳ ನಾಲಿಗೆಯ ತುದಿಗೆ ಬಂತು. ಕಾಲು ಮಾತ್ರ ತಾನಾಗಿಯೇ ಬ್ರೇಕನ್ನು ಸಾವಕಾಶ ಒತ್ತಿತು. ಪಕ್ಕದ ಸೀಟಿನ ಮೇಲಿದ್ದ ಅವಳ ದಿಂಬು ಅಲುಗಲಿಲ್ಲ.