ಸಮುದ್ರದ ಒಂದು ತುದಿ

ಹುಲಿಗೆವ್ವನಲ್ಲಿ ದಯೆ ಎಂಬುದು ಇರಲಿಲ್ಲ. ಪುಣೆಯ ಯೆರವಡಾದ ಆ ಕೂಲಿಕಾರರ ವಸ್ತಿಯಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದರು, ಮತ್ತು ಅವರು ಹೇಳುವುದು ಸುಳ್ಳಾಗಿರಲಿಲ್ಲ. ಮಗ ಪಾಸಾದನೆಂದು ಪಕ್ಕದ ಮನೆಯವಳು ಪೇಢೆ ತಂದುಕೊಟ್ಟರೆ, ಡಬ್ಬಿಗೆ ಹಾಕುವ ಮೊದಲು "ಏನ್ ಬೇಕಾಗಿತ್ತು?" ಎಂದು ಕೇಳುತ್ತಿದ್ದಳು. ಜ್ವರವೆಂದು ಮಲಗಿದವರನ್ನು ನೋಡಲು ಹೋದರೆ ಜ್ವರ ನಿಜವೋ ಎಂದು ಹಣೆ ಮುಟ್ಟಿ ನೋಡುತ್ತಿದ್ದಳು. ನಿಜವೆಂದು ಖಾತ್ರಿಯಾದರೆ ಎದ್ದು ಬರುತ್ತಿದ್ದಳು. ಪರರ ಮಕ್ಕಳು ಬಿದ್ದು ಅತ್ತರೆ ದಾಟಿಕೊಂಡು ಹೋಗುವವಳು. ಲೋಕದಲ್ಲಿ ಅವಳಿಗೆ ಬೇಕಾದ ಜೀವ ಒಂದೇ, ಹನ್ನೆರಡು ವರ್ಷದ ಮಗಳು ತ್ರಿವೇಣಿ. ಗಂಡ ಅಂಬಾರಾಯ ಕೂಡ ಆ ಸಾಲಿನಲ್ಲಿ ಪೂರ್ತಿ ಸೇರಿದವನಲ್ಲ.

ಗಂಡಹೆಂಡತಿ ಯಾದಗಿರಿ ಕಡೆಯ ಹಳ್ಳಿಯಿಂದ ಪುಣೆಗೆ ಬಿಗಾರಿ ಕೆಲಸಕ್ಕೆ, ಕಟ್ಟಡದ ಕೂಲಿಗೆ, ಬಂದವರು. ಬುಟ್ಟಿ ಹೊತ್ತು ಕುತ್ತಿಗೆ ಕೆಟ್ಟ ಮೇಲೆ ಹುಲಿಗೆವ್ವ ಐ.ಟಿ. ಕಂಪನಿಯೊಂದರಲ್ಲಿ ಹೌಸ್‌ಕೀಪಿಂಗಿಗೆ ಸೇರಿದಳು. ಸಂಜೆ ಹೊರಬೀಳುವಾಗ ಗೇಟಿನಲ್ಲಿ ಕಾವಲಿನವಳು ಇವರ ಚೀಲಗಳಿಗೆ ಕೈಹಾಕಿ ತಡಕುತ್ತಾಳೆ. ಉಳಿದ ಹೆಂಗಸರಿಗೆ ಅದು ಅವಮಾನ. ಹುಲಿಗೆವ್ವ ಮಾತ್ರ ತಾನಾಗಿಯೇ ಚೀಲದ ಬಾಯಿ ಅಗಲಿಸಿ ಹಿಡಿಯುತ್ತಿದ್ದಳು. ಯಾವತ್ತಾದರೂ ನೋಡದೆ ಬಿಟ್ಟರೆ ನಿಂತು ನೋಡಿಸಿಕೊಂಡೇ ಹೋಗುತ್ತಿದ್ದಳು. ಲೋಕ ನಡೆಯಬೇಕಾದದ್ದೇ ಹೀಗೆ ಎಂದು ಅವಳ ಅಭಿಪ್ರಾಯ. ಎಲ್ಲರ ಚೀಲವನ್ನೂ ಎಲ್ಲರೂ ನೋಡಬೇಕು.

ಇಂಥವಳಿದ್ದ ವಸ್ತಿಗೆ ಮೇ ತಿಂಗಳ ರಜೆಯಲ್ಲಿ ಕುಣಿಯುವ ಹುಡುಗ ಹುಡುಗಿಯರ ಒಂದು ತಂಡ ಬಂದಿಳಿಯಿತು. ಬೆಂಗಳೂರಿನ ಕ್ರೈಸ್ತ ಸಭೆಯೊಂದರ ಯುವಕರು. ನೃತ್ಯದಿಂದ, ಮೂಕಾಭಿನಯದಿಂದ ತಮ್ಮ ನಂಬಿಕೆಯನ್ನು ಜನರಿಗೆ ಹೇಳುತ್ತ ಊರೂರು ತಿರುಗುವವರು. ಪುಣೆಯಲ್ಲಿ ಒಂದು ವಾರ, ಆಮೇಲೆ ಲೋಣಾವಳಾ. ಮುಂದಾಳು ಸುಖೇಶ್ ಎಂಬ ಗಡ್ಡದ ಹುಡುಗ. ವಸ್ತಿಯ ಕನ್ನಡದವರ ಆಡುಮಾತು ಅವರಲ್ಲಿ ಬರುತ್ತಿದ್ದದ್ದು ಒಬ್ಬಳಿಗೇ, ಬೀದರ್ ಕಡೆಯ ಶಾಲಿನಿಗೆ. ಮಧ್ಯಾಹ್ನ ಸಮಾಜಮಂದಿರವೆಂಬ ವಸ್ತಿಯ ಸಭಾಗೃಹದಲ್ಲಿ ಮಕ್ಕಳಿಗೆ ಕುಣಿತ ಕಲಿಸುವುದು, ಭಾನುವಾರ ಸಂಜೆ ಅದರ ಮುಂದಿನ ಬಯಲಲ್ಲಿ ಪ್ರದರ್ಶನ. ಸಮಾಜಮಂದಿರದ ಕೀಲಿ ಇಟ್ಟುಕೊಂಡಿದ್ದ ವಸ್ತಿಯ ಯುವಕ ಮಂಡಳದ ಮುಖಂಡ ದತ್ತು, ಮಕ್ಕಳ ಡಾನ್ಸ್ ಕ್ಲಾಸೆಂದು ತಿಳಿದು ಒಪ್ಪಿಕೊಂಡಿದ್ದ. ಫೀ ಇಲ್ಲವೆಂದು ಗೊತ್ತಾದ ಮೇಲೆ ಅವನಿಗೂ ಅನುಮಾನ ಹತ್ತಿತು.

"ಜಾತಿ ಕೆಡಸ್ಲಾಕ ಬಂದಾರಂತ," ಎಂದು ಅಂಬಾರಾಯ ಊಟಕ್ಕೆ ಕೂತು ಸುದ್ದಿ ಹೇಳಿದ. "ದತ್ತು ಅಂದ. ಮೊದಲ ಕುಣಸ್ತಾರ, ಆಮ್ಯಾಲ ನೀರಾಗ ಮುಳಗಸ್ತಾರಂತ."

"ಮುಳಗಸ್ಲಿ. ನಿನ್ನ ಮುಳಗಿಸಿ ಒಂದೀಟು ಸಾಬೂನ ಹಚ್ಚಿದ್ರ ಇನ್ನೂ ಚೊಲೊ."

ತ್ರಿವೇಣಿ ಕಿಸಕ್ಕನೆ ನಕ್ಕಳು. ಅವ್ವನ ಮನಸ್ಸು ಹಗುರವಾಗಿದೆ ಎಂದುಕೊಂಡು, ತಾನು ಮೂರು ದಿನದಿಂದ ಅಲ್ಲಿಗೆ ಹೋಗುತ್ತಿರುವುದನ್ನು ಬಾಯಿಬಿಟ್ಟಳು. "ರೊಕ್ಕಕ್ಕಲ್ಲಂತವ್ವಾ. ಶಾಲಿನಿ ಅಕ್ಕ ಹೇಳ್ಯಾಳ. ಅವರು ದೇವರ ಸಲುವಾಗಿ ಕುಣೀತಾರಂತ."

ರೊಟ್ಟಿ ಬಡಿಯುತ್ತಿದ್ದ ಹುಲಿಗೆವ್ವನ ಕೈ ನಿಂತಿತು.

ದೇವರ ಸಲುವಾಗಿ ಕುಣಿದವಳೊಬ್ಬಳು ಅವಳ ತವರುಮನೆಯಲ್ಲಿಯೇ ಇದ್ದಳು. ಅಕ್ಕ ನಾಗವ್ವ. ತ್ರಿವೇಣಿಯಷ್ಟಿದ್ದಾಗ ಅವಳನ್ನು ದೇವಿಗೆ ಬಿಟ್ಟರು. ಅಜ್ಜಿಯೇ ಕೊರಳಿಗೆ ಮುತ್ತು ಕಟ್ಟಿದಳು. ಹೊಸ ಸೀರೆ ಉಡಿಸಿದರು, ಹೋಳಿಗೆ ಮಾಡಿದರು, ಹುಲಿಗೆವ್ವ ಎರಡು ತಿಂದಳು. ದೇವಿಯ ಹೆಣ್ಣಿಗೆ ಮದುವೆಯಿಲ್ಲ. ಹಬ್ಬದಲ್ಲಿ ಕುಣಿಯಬೇಕು, ಉಳಿದ ದಿನ ಊರ ದೊಡ್ಡವರು ಬಂದರೆ ಬಾಗಿಲು ತೆರೆಯಬೇಕು. ಇದನ್ನು ತಡೆಯುವ ಕಾನೂನು ಆಗಲೇ ಇತ್ತು. ಆ ಊರಲ್ಲಿ ಅದರ ಹೆಸರು ಕೇಳಿದವರಿರಲಿಲ್ಲ. ನಾಗವ್ವ ಮೂವತ್ತು ತುಂಬುವ ಮೊದಲೇ ರೋಗ ಬಂದು ಸತ್ತಳು. ಅವಳ ವಿಷಯವನ್ನು ಹುಲಿಗೆವ್ವ ಪುಣೆಯಲ್ಲಿ ಯಾರ ಮುಂದೆಯೂ ಎತ್ತಿದವಳಲ್ಲ.

ಮರುದಿನ ಅರ್ಧ ದಿನದ ರಜೆ ಹಾಕಿ ಸಮಾಜಮಂದಿರಕ್ಕೆ ಹೋಗಿ ಹೊಸ್ತಿಲ ಮೇಲೆ ಕೂತಳು. ಮಕ್ಕಳ ಕುಣಿತ ಅವಳ ಕಣ್ಣಿಗೆ ಬೀಳಲಿಲ್ಲ. ಅವಳು ನೋಡಿದ್ದು ಶಾಲಿನಿಯ ಕೊರಳು. ಅಲ್ಲಿ ಕೆಂಪು ಮಣಿಗಳ ಒಂದು ಎಳೆ ಸರ, ನಡುವೆ ಸಣ್ಣ ಶಿಲುಬೆ. ಕುಣಿತ ಮುಗಿದು ಶಾಲಿನಿ ನೀರು ಕುಡಿಯಲು ಬಂದಾಗ ಹುಲಿಗೆವ್ವ ಬೆರಳು ತೋರಿಸಿದಳು.

"ಇದನ್ನ ಯಾರು ಕಟ್ಟ್ಯಾರ?"

"ನಮ್ಮಜ್ಜಿ ರೀ ಅಕ್ಕಾ."

"ಯಾವಾಗ?"

"ಹನ್ನೆರಡಕ್ಕ ಬಿದ್ದಾಗ ರೀ. ಚರ್ಚಿನಾಗ ಎಲ್ಲಾರ ಮುಂದ ನನ್ನ ಸಭಾದಾಗ ಸೇರಿಸ್ಕೊಂಡ್ರು ನೋಡ್ರಿ, ಅವತ್ತ. ಬಿಳಿ ಸೀರಿ ಉಡಿಸಿದ್ರು. ಮನ್ಯಾಗ ಹೋಳಿಗಿ ಊಟ."

ಹುಡುಗಿ ಸಂತೋಷದಿಂದ ಹೇಳುತ್ತಿದ್ದಳು. ಹುಲಿಗೆವ್ವ ಒಂದೊಂದೇ ಕೇಳುತ್ತ ಹೋದಳು. ಕೂಳು ಹಾಕುವವರು ಯಾರು? ಸಭೆಯವರು. ಮಲಗುವುದು ಎಲ್ಲಿ? ಚರ್ಚಿನ ಹಾಲಿನಲ್ಲಿ. ಊರೂರು ಕರೆದುಕೊಂಡು ತಿರುಗುವವನು? ಅಗೋ, ಸುಖೇಶಣ್ಣ.

"ಮದುವಿ ಆಗೂದದ ಏನು?"

ಶಾಲಿನಿ ನಾಚಿ ನಕ್ಕಳು. "ಅದು ದೇವರ ಚಿತ್ತ ರೀ."

ಬೇರೆ ಯಾವ ಉತ್ತರ ಕೊಟ್ಟಿದ್ದರೂ ಹುಲಿಗೆವ್ವ ಇನ್ನೊಂದು ಪ್ರಶ್ನೆ ಕೇಳುತ್ತಿದ್ದಳೇನೋ. ಇದನ್ನು ಕೇಳಿದ ಮೇಲೆ ತಿಳಿಯಬೇಕಾದದ್ದು ಏನೂ ಉಳಿಯಲಿಲ್ಲ. ಮೇಲೆದ್ದು ಸೆರಗು ಕೊಡವಿದಳು.

"ನಿನ್ನ ಕತಿ ಮುಗದು ಹೋಗ್ಯದ. ನಿನ್ನ ಹಡದವರು ನೋಡ್ಕೋತಾರ. ನನ್ನ ಮಗಳ ಗೊಡವಿಗಿ ಬರಬ್ಯಾಡ."

"ಅಕ್ಕಾ, ನೀವೇನೋ ತಪ್ಪ ತಿಳಕೊಂಡೀರಿ. ನನ್ನ ಯಾರೂ ಕುಣಸ್ಲಾಕತ್ತಿಲ್ಲ ರೀ. ನಾನಾಗೇ ಬಂದೀನಿ."

"ನಮ್ಮಕ್ಕನೂ ಹಂಗೇ ಅಂತಿದ್ಲು."

ಶಾಲಿನಿಯ ಕೈಯಲ್ಲಿದ್ದ ನೀರಿನ ಬಾಟಲಿ ಬಾಯಿಗೆ ಏರಲಿಲ್ಲ. ಬೀದರ್ ಕಡೆಯವಳು, ದೇವಿಗೆ ಬಿಟ್ಟ ಹೆಣ್ಣುಗಳ ಸಂಗತಿ ಬಲ್ಲವಳು, ಇವಳ ಅಕ್ಕ ಎಂಥವಳಾಗಿದ್ದಳೆಂದು ಹೊಳೆದಿರಬೇಕು, ಕೈ ಮೆಲ್ಲಗೆ ಕೊರಳ ಸರವನ್ನು ಮುಚ್ಚಿಕೊಂಡಿತು. ಹುಲಿಗೆವ್ವ ಅದನ್ನೂ ಗಮನಿಸಿದಳು. ಮುಚ್ಚಿಡುವಂಥದ್ದು ಏನೋ ಇದ್ದೇ ಇದೆ ಎಂದುಕೊಂಡಳು.

ಅಲ್ಲಿಂದ ನೆಟ್ಟಗೆ ದತ್ತೂನ ಮನೆಗೆ. ಆ ತಂಡವನ್ನು ವಸ್ತಿಯಿಂದ ಓಡಿಸು ಎಂದಳು. ದತ್ತು ಕಾಯುತ್ತಿದ್ದದ್ದೇ ಇಂಥದಕ್ಕೆ. ಆದರೆ ಅವನಿಗೆ ಬಾಯಿಮಾತು ಸಾಲದು. ತನ್ನ ಮಗಳನ್ನು ಮರುಳು ಮಾಡಿದರೆಂದು ಒಬ್ಬ ತಾಯಿ ನಾಲ್ಕು ಜನರೆದುರು ಹೇಳಬೇಕು, ಹುಡುಗರು ಅದನ್ನು ಮೊಬೈಲಿನಲ್ಲಿ ಹಿಡಿದುಕೊಳ್ಳಬೇಕು, ಮಿಕ್ಕದ್ದು ಪೊಲೀಸರ ಕೆಲಸ. ಭಾನುವಾರ ಹೇಳುತ್ತೇನೆಂದು ಹುಲಿಗೆವ್ವ ಒಪ್ಪಿ ಬಂದಳು.

ಇನ್ನು ಕುಣಿತಕ್ಕೆ ಹೋಗಕೂಡದೆಂದಾಗ ಮನೆಯಲ್ಲಿ ತ್ರಿವೇಣಿ ಅತ್ತಳು, ಊಟ ಬಿಟ್ಟಳು. "ಎಲ್ಲಾರ ಮ್ಯಾಲೂ ನಿಂದು ಸಂಶಯ. ನನ್ನ ಮ್ಯಾಲೂ ಅದ ಏನು?"

"ಅದ," ಎಂದಳು ಹುಲಿಗೆವ್ವ. "ನಿನ್ನ ಮ್ಯಾಲ ಭಾಳ ಅದ."

ಭಾನುವಾರ ಸಂಜೆ ಅವ್ವ ನಳದ ಸಾಲಿನಲ್ಲಿ ನಿಂತದ್ದು ನೋಡಿ ಹುಡುಗಿ ಬಯಲಿಗೆ ಓಡಿಹೋದಳು. ಕೊಡ ಇಳಿಸುವಷ್ಟರಲ್ಲಿ ಬಯಲಿನಿಂದ ಸ್ಪೀಕರಿನ ಸದ್ದು ಕೇಳಿತು. ಹುಲಿಗೆವ್ವ ಒದ್ದೆ ಸೆರಗಿನಲ್ಲಿಯೇ ನಡೆದಳು.

ಜನ ಸುತ್ತ ನೆರೆದಿದ್ದರು. ಬದಿಗೆ ದತ್ತು ಮತ್ತು ಅವನ ಹುಡುಗರು, ಮೊಬೈಲು ಎತ್ತಿ ಹಿಡಿದು. ನಡುವೆ ಎರಡು ಬೆಂಚು ಜೋಡಿಸಿ ದೋಣಿ ಮಾಡಿದ್ದರು. ಅದರ ಮುಂದೆ ಉದ್ದನೆಯ ನೀಲಿ ಬಟ್ಟೆ. ಈ ತುದಿಗೆ ತ್ರಿವೇಣಿ, ಆ ತುದಿಗೆ ತಂಡದ ಇನ್ನೊಬ್ಬಳು, ಇಬ್ಬರೂ ನೆಲಕ್ಕೆ ಕೂತು ಬಟ್ಟೆ ಅಲುಗಿಸುತ್ತ ಸಮುದ್ರ ಎಬ್ಬಿಸುತ್ತಿದ್ದರು. ಬಿರುಗಾಳಿಯ ಸದ್ದು. ಶಾಲಿನಿ ಮತ್ತು ಇನ್ನಿಬ್ಬರು ದೋಣಿಯಲ್ಲಿ ತತ್ತರಿಸುತ್ತ, ಬಾಯಿಂದ ಮಾತಿಲ್ಲದೆ, ಕೈಯೆತ್ತಿ ಮೊರೆಯಿಡುತ್ತಿದ್ದರು. ಯೇಸುವಿನ ಪಾತ್ರದ ಸುಖೇಶ್ ಬಿಳಿ ನಿಲುವಂಗಿ ತೊಟ್ಟು ಅದೇ ದೋಣಿಯಲ್ಲಿ ಒರಗಿ ಮಲಗಿದ್ದ.

ಯೇಸು ಎದ್ದು ಕೈ ಚಾಚಿದೊಡನೆ ಬಿರುಗಾಳಿಯೂ ಸಮುದ್ರವೂ ಶಾಂತವಾಗುವ ಆ ಕಥೆ ಹುಲಿಗೆವ್ವನಿಗೆ ಗೊತ್ತಿರಲಿಲ್ಲ. ಕಂಡದ್ದು ಇಷ್ಟು: ಮುಳುಗುವವರು ಮುಳುಗುತ್ತಿದ್ದಾರೆ, ಕರೆತಂದವನು ನಿದ್ದೆ ಮಾಡುತ್ತಿದ್ದಾನೆ. ಇದರಲ್ಲಿ ಅವಳಿಗೆ ಹೊಸದೇನೂ ಕಾಣಲಿಲ್ಲ.

ಜನರನ್ನು ಸರಿಸಿ ಒಳಗೆ ಹೋಗಿ ಮಗಳ ರಟ್ಟೆ ಹಿಡಿದು ಎಬ್ಬಿಸಿದಳು. ಬಟ್ಟೆ ಕೈಯಿಂದ ಜಾರಿತು. ಈ ಕಡೆಯ ಸಮುದ್ರ ನೆಲಕ್ಕೆ ಮಲಗಿತು, ಆ ಕಡೆ ಸುಮ್ಮನೆ ಒಂದೆರಡು ಅಲೆ ಎದ್ದು ಅದೂ ನಿಂತಿತು. ಜನ ನಕ್ಕರು. ಸುಖೇಶ್ ಮಲಗಿದ್ದಲ್ಲಿಂದಲೇ ತಲೆಯೆತ್ತಿದ. "ಆಂಟಿ, ಪ್ಲೀಸ್... ಇನ್ನು ಎರಡೇ ನಿಮಿಷ ಇದೆ."

ದತ್ತು ಮುಂದೆ ಬಂದ. ಎಲ್ಲರಿಗೂ ಕೇಳುವಂತೆ ಮರಾಠಿಯಲ್ಲಿ ಕೂಗಿ ಕೇಳಿದ: "ಕಾಯ್ ಝಾಲಂ ಮಾವಶೀ? ಬೋಲಾ. ಪೋರೀಲಾ ಫಸವಲಂ ಕಾ?" ಏನಾಯಿತು ಚಿಕ್ಕಮ್ಮಾ, ಮಗಳನ್ನು ಮೋಸದಿಂದ ಸೆಳೆದರೇ, ಹೇಳು ಎಂದು. ಮೊಬೈಲುಗಳೆಲ್ಲ ಅವಳ ಕಡೆ ತಿರುಗಿದವು.

ಹೇಳುವ ಮಾತು ಸಿದ್ಧವಾಗಿಯೇ ಇತ್ತು. ಹುಲಿಗೆವ್ವ ದೋಣಿಯ ಕಡೆ ನೋಡಿದಳು. ಶಾಲಿನಿ ಎತ್ತಿದ ಕೈ ಇಳಿಸಿರಲಿಲ್ಲ. ದತ್ತೂನ ಹುಡುಗರನ್ನು ನೋಡಿ, ಮೊಬೈಲು ನೋಡಿ, ಅವಳ ಮುಖ ಬಿಳಿಚಿಕೊಂಡಿತ್ತು. ಅಭಿನಯ ಅಲ್ಲಿಗೆ ಮುಗಿದಿತ್ತು, ಕೈ ಮಾತ್ರ ಮೇಲೆಯೇ ಉಳಿದಿತ್ತು. ತಾನು ಆಡುವ ಮಾತು ಹೋಗಿ ಬೀಳುವುದು ಎಲ್ಲಿಗೆಂದು ಹುಲಿಗೆವ್ವನಿಗೆ ತಿಳಿಯಿತು. ಕೈಯೆತ್ತಿ ನಿಂತ ಈ ಹುಡುಗಿಯ ಮೇಲೆ, ಮುತ್ತು ಕಟ್ಟಿದವರ ಮೇಲಂತೂ ಅಲ್ಲ.

"ಮಾವಶೀ, ಬೋಲಾ ನಾ!" ಎಂದು ದತ್ತು ಅವಸರಪಡಿಸಿದ.

ತ್ರಿವೇಣಿಯನ್ನು ಎಳೆದೊಯ್ದು ಹೆಂಗಸರ ನಡುವೆ ಕುಕ್ಕರಿಸಿದಳು. "ಇಲ್ಲಿಂದ ಎದ್ದರ ಕಾಲ್ ಮುರೀತೀನಿ." ಮನೆಗೆ ಹೋಗುತ್ತಾಳೆಂದು ಜನ ದಾರಿ ಬಿಟ್ಟರು. ಅವಳು ತಿರುಗಿ ಬಯಲಿನ ನಡುವೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಗಳು ಕೂತಿದ್ದ ಜಾಗದಲ್ಲಿ ಕೂತಳು. ನೀಲಿ ಬಟ್ಟೆಯ ತುದಿಯನ್ನು ಎರಡು ಕೈಯಲ್ಲಿ ಹಿಡಿದಳು.

"ಹೂಂ, ನಡಸ್ರಿ," ಎಂದಳು ಸುಖೇಶನಿಗೆ. "ಮಲಕೋ ನೀನು."

ಮರಳು ಜರಡಿ ಹಿಡಿದ ತೋಳುಗಳು. ಅವು ಅಲುಗಿಸಿದ ರಭಸಕ್ಕೆ ಆ ತುದಿಯ ಹುಡುಗಿ ಮುಗ್ಗರಿಸಿದಳು. ಅಲೆ ಬೆಂಚಿನ ಎತ್ತರಕ್ಕೆ ಎದ್ದಿತು. ಮುಂದೆ ಕೂತಿದ್ದ ಮಕ್ಕಳು ಹೋ ಎಂದು ಕೂಗಿದರು. ದತ್ತೂನ ಹುಡುಗರು ಮೊಬೈಲು ಹಿಡಿದೇ ಇದ್ದರು. ಅದರಲ್ಲಿ ಸಿಕ್ಕದ್ದು ವಸ್ತಿಯ ಹೌಸ್‌ಕೀಪಿಂಗ್ ಹೆಂಗಸೊಬ್ಬಳು ಬಟ್ಟೆ ಒದರುತ್ತಿರುವ ಚಿತ್ರ, ಅಷ್ಟೇ. ದೋಣಿಯಲ್ಲಿ ಶಾಲಿನಿ ಮತ್ತೆ ತತ್ತರಿಸತೊಡಗಿದಳು.

ಕೊನೆಗೆ ಬಿಳಿ ನಿಲುವಂಗಿಯವನು ಎದ್ದು ನಿಂತು ಕೈ ಮುಂದೆ ಚಾಚಿದ. ಬಿರುಗಾಳಿಯ ಸದ್ದು ತಟ್ಟನೆ ನಿಂತಿತು. ಆ ತುದಿಯ ಹುಡುಗಿ ಬಟ್ಟೆಯನ್ನು ಮೆಲ್ಲಗೆ ನೆಲಕ್ಕೆ ಇಳಿಸಿದಳು.

ಈ ತುದಿಯಲ್ಲಿ ಹುಲಿಗೆವ್ವ ನಿಲ್ಲಿಸಲಿಲ್ಲ. ಅವನು ಚಾಚಿದ ಕೈ ಚಾಚಿಕೊಂಡೇ ನಿಂತ. ಅವಳು, ಜ್ವರ ನಿಜವೋ ಎಂದು ಪರೀಕ್ಷಿಸುವವಳಂತೆ, ಅವನ ಮುಖವನ್ನೇ ನೋಡುತ್ತ ಅಲುಗಿಸುತ್ತಲೇ ಇದ್ದಳು.