ಅಕ್ಕನ ನೀಲಿ ಗುರುತು

ಕನ್ನಡಕದ ಅಂಗಡಿಯವನಿಗೂ ಅವನ ಅಕ್ಕನಿಗೂ ಒಂದು ಕಟ್ಟಳೆಯಿತ್ತು. ದುರ್ಬೀನಿನಲ್ಲಿ ನೋಡಿದ್ದಕ್ಕೆಲ್ಲ ನಕ್ಷತ್ರ ನಕ್ಷೆಯ ಪುಸ್ತಕದಲ್ಲಿ ಅವನು ಕೆಂಪು, ಅವಳು ನೀಲಿ ಗುರುತು ಹಾಕಬೇಕು. ಎರಡೂ ಬೀಳದೆ ಪುಟ ತಿರುಗಿಸುವಂತಿಲ್ಲ. ಅಕ್ಕನ ದೃಷ್ಟಿ ಹೋಗಿ ಮೂರು ವರ್ಷವಾಗಿತ್ತು. ಅಂದಿನಿಂದ ತೆರೆದೇ ಇದ್ದ ಪುಟದಲ್ಲಿ ಒಂದು ನಕ್ಷತ್ರಗುಚ್ಛದ ಪಕ್ಕ ಕೆಂಪು ಮಾತ್ರ ಇತ್ತು.

ಒಂದು ಮಧ್ಯಾಹ್ನ ಅಕ್ಕ ಆ ಪುಟವನ್ನು ತಡವಿದಳು.

"ಧೂಳು ಕೂತಿದೆಯಲ್ಲೋ! ನಂದೂ ನೀನೇ ಹಾಕಿಬಿಡು."

"ನೀನು ನೋಡದೆ ಹೇಗಕ್ಕಾ ಹಾಕ್ಲಿ?"

"ಊರಿಗೆಲ್ಲ ಕಣ್ಣು ಕೊಡೋನು, ನನಗೆ ಬಾಯಲ್ಲಿ ತೋರಿಸೋಕಾಗಲ್ವಾ?"

"ಕಪ್ಪು ಬಟ್ಟೆ ಮೇಲೆ ಗಾಜಿನ ಪುಡಿ ಚೆಲ್ಲಿದ ಹಾಗಿದೆ."

"ಸರಿ, ನೋಡಿದೆ."

ಅವನು ಅವಳ ಕೈಗೆ ನೀಲಿ ಪೆನ್ಸಿಲ್ ಕೊಟ್ಟು, ಬೆರಳು ಹಿಡಿದು ಗುರುತು ಹಾಕಿಸಿದ. ಪುಟ ತಿರುಗಿಸಿದ. ಹೊಸ ಪುಟದ ತುಂಬ ಅವನೊಬ್ಬನೇ ನೋಡಬೇಕಾದ ಆಕಾಶವಿತ್ತು.